ಚಕ್ರ ಬದಲಾಯಿಸಿದಾಗ ದೀಪವೇಕೆ ಮಿನುಗುತ್ತದೆ?

ಕಾರಿಗೆ ಹೊಸ ಚಕ್ರಗಳನ್ನು ಹಾಕಿಸಿ, ಗಾಳಿಯನ್ನು ಕ್ರಮವಾಗಿ ತುಂಬಿಸಿಕೊಂಡು ಹೊರಟವರ ಕಣ್ಣೆದುರಿನ ಫಲಕದಲ್ಲಿ, ಕುದುರೆಯ ಲಾಳದಂತಹ ಆಕೃತಿಯ ನಡುವೆ ಆಶ್ಚರ್ಯಸೂಚಕ ಚಿಹ್ನೆಯುಳ್ಳ ಹಳದಿ ದೀಪವು ಹೊತ್ತಿಕೊಂಡರೆ, ಅವರು ಮೊದಲು ಶಂಕಿಸುವುದು ಗಾಳಿಯನ್ನೇ. ಆದರೆ ಅನೇಕ ವೇಳೆ ಗಾಳಿಯು ನಿರ್ದೋಷಿಯಾಗಿದ್ದು, ಹೊಸ ಚಕ್ರಕ್ಕೂ ಹಳೆಯ ವಾಹನಕ್ಕೂ ಇನ್ನೂ ಪರಿಚಯವಾಗದಿರುವುದೇ ಆ ದೀಪಕ್ಕೆ ಕಾರಣವಾಗಿರುತ್ತದೆ.

ಚಕ್ರದೊಳಗೆ ವಾಲ್ವಿನ ಬುಡಕ್ಕೆ ಜೋಡಿಸಿರುವ ಪುಟ್ಟ ಸೆನ್ಸರು ಒತ್ತಡವನ್ನೂ ಉಷ್ಣವನ್ನೂ ಅಳೆದು, ತನಗೇ ವಿಶಿಷ್ಟವಾದ ಒಂದು ಗುರುತಿನ ಸಂಖ್ಯೆಯೊಡನೆ ಆ ವಾರ್ತೆಯನ್ನು ರೇಡಿಯೋ ತರಂಗಗಳ ಮೂಲಕ ಕಳುಹಿಸುತ್ತದೆ. ವಾಹನದ ಗ್ರಾಹಕಯಂತ್ರವಾದರೋ ತನ್ನ ಸ್ಮೃತಿಯಲ್ಲಿ ದಾಖಲಾದ ಸಂಖ್ಯೆಗಳಿಗಲ್ಲದೆ ಅನ್ಯರಿಗೆ ಕಿವಿಗೊಡುವುದಿಲ್ಲ. ಪಕ್ಕದಲ್ಲಿ ಹಾದುಹೋಗುವ ಕಾರಿನ ಚಕ್ರದ ಮಾತನ್ನು ತನ್ನದೆಂದು ಅದು ಭ್ರಮಿಸಬಾರದಷ್ಟೆ. ಆದುದರಿಂದ ಹೊಸ ಸೆನ್ಸರಿನ ಸಂಖ್ಯೆಯನ್ನು ವಾಹನಕ್ಕೆ ಕಲಿಸಬೇಕು. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಕಲಿಯುತ್ತವೆ. ಮತ್ತೆ ಕೆಲವಕ್ಕೆ ಗ್ಯಾರೇಜಿನ ಉಪಕರಣವೇ ಬೇಕು. ಯೂರೋಪಿನಲ್ಲಿ ರೂಢಿಯಲ್ಲಿರುವ 433 ಮೆಗಾಹರ್ಟ್ಸ್ ಸೆನ್ಸರನ್ನು, ಅಮೆರಿಕದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ 315 ಮೆಗಾಹರ್ಟ್ಸಿನ ವಾಹನಕ್ಕೆ ಹಾಕಿದರಂತೂ, ರೂಪದಲ್ಲಿ ಎಷ್ಟೇ ಸಾಮ್ಯವಿದ್ದರೂ, ಅವೆರಡಕ್ಕೂ ಸಂವಾದವೇ ಸಾಧ್ಯವಿಲ್ಲ.

ದೀಪವು ಉರಿಯುವ ರೀತಿಯನ್ನು ಗಮನಿಸುವುದು ಬಹು ಮುಖ್ಯ. ಅಮೆರಿಕದ ಸುರಕ್ಷತಾ ನಿಯಮದ ಪ್ರಕಾರ, ಯಾವುದಾದರೊಂದು ಟೈರಿನ ಒತ್ತಡವು ತಯಾರಕರು ವಿಧಿಸಿದ್ದಕ್ಕಿಂತ ಶೇಕಡ 25ರಷ್ಟು ಕುಸಿದಾಗ ದೀಪವು ಸ್ಥಿರವಾಗಿ ಉರಿಯಬೇಕು; ವ್ಯವಸ್ಥೆಯೇ ಕೆಟ್ಟಿದ್ದರೆ, ಅದೇ ದೀಪವು ಮೊದಲು 60ರಿಂದ 90 ಸೆಕೆಂಡುಗಳ ಕಾಲ ಮಿನುಗಿ ಆಮೇಲೆ ಸ್ಥಿರವಾಗಬೇಕು. ಎರಡಕ್ಕೂ ಒಂದೇ ದೀಪವಿರುವ ಕಾರಿನಲ್ಲಿ ಈ ಭೇದವೊಂದನ್ನು ಅರಿತರೆ ಅರ್ಧ ಸಂದೇಹ ಪರಿಹಾರವಾದಂತೆಯೇ ಎಂದು ನಾನು ಭಾವಿಸುತ್ತೇನೆ.

ಚಕ್ರಗಳನ್ನು ಹಿಂದುಮುಂದಾಗಿ ಸ್ಥಳಾಂತರಿಸಿದಾಗ ಅಂಕಿಗಳು ಸತ್ಯವಾಗಿದ್ದೂ ಸ್ಥಾನವು ಸುಳ್ಳಾಗುವುದುಂಟು: ಮುಂದಿನ ಚಕ್ರದ ಒತ್ತಡವನ್ನು ಫಲಕವು ಹಿಂದಿನದೆಂದು ತೋರಿಸುತ್ತದೆ. ಒಂದು ಟೈರಿನಿಂದ ತುಸು ಗಾಳಿಯನ್ನು ಬಿಟ್ಟು, ಕೊಂಚ ದೂರ ಓಡಿಸಿ, ಯಾವ ಅಂಕಿಯು ಇಳಿಯಿತೆಂದು ನೋಡಿದರೆ ಗುಟ್ಟು ತಿಳಿಯುತ್ತದೆ. ನಿಂತ ಕಾರಿನ ಸೆನ್ಸರು ಬ್ಯಾಟರಿಯನ್ನು ಉಳಿಸಲೆಂದು ಬಹುಪಾಲು ನಿದ್ರಿಸುತ್ತಿರುವುದರಿಂದ ಈ ಓಡಿಸುವಿಕೆ ಅವಶ್ಯಕ. ಆ ಬ್ಯಾಟರಿಯನ್ನು ಸಾಮಾನ್ಯವಾಗಿ ಬದಲಿಸಲು ಬಾರದು. ಅದು ಮುಗಿದರೆ ಸೆನ್ಸರನ್ನೇ ಬದಲಿಸಬೇಕು. ಟೈರನ್ನು ಕಳಚುವಾಗ ಸನ್ನೆಗೋಲು ತಗುಲಿ ಸೆನ್ಸರು ಮುರಿಯುವುದೂ ಅಪರೂಪವಲ್ಲ. ಒಳಗೆ ಸೆನ್ಸರಿದೆಯೆಂದು ಕೆಲಸಗಾರನಿಗೆ ಮುಂಚೆಯೇ ಹೇಳಿಬಿಡಬೇಕು.

ಸೆನ್ಸರೇ ಇಲ್ಲದ ಮತ್ತೊಂದು ವಿಧಾನವೂ ಇದೆ. ಗಾಳಿ ಕುಗ್ಗಿದ ಟೈರಿನ ಉರುಳುವ ತ್ರಿಜ್ಯವು ಕಿರಿದಾಗುವುದರಿಂದ ಆ ಚಕ್ರವು ಇತರ ಚಕ್ರಗಳಿಗಿಂತ ತುಸು ವೇಗವಾಗಿ ತಿರುಗುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆಗಾಗಿ ಅಳೆಯುವ ಚಕ್ರವೇಗದಿಂದಲೇ ವಾಹನವು ಇದನ್ನು ಊಹಿಸುತ್ತದೆ. ಇಂತಹ ಕಾರಿನಲ್ಲಿ ರೀಸೆಟ್ ಮಾಡಿದ ಕ್ಷಣದಲ್ಲಿ ಟೈರುಗಳಲ್ಲಿ ಎಷ್ಟು ಗಾಳಿಯಿದೆಯೋ ಅದನ್ನೇ ಯಂತ್ರವು ಸರಿಯೆಂದು ನಂಬುತ್ತದೆ. ಆದುದರಿಂದ, ಕಾರು ಮೂರು ಗಂಟೆಯಾದರೂ ನಿಂತು ಟೈರುಗಳು ತಣ್ಣಗಾದ ಮೇಲೆ, ಗೇಜಿನಿಂದ ನಾಲ್ಕನ್ನೂ ಅಳೆದು, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಗೆ ಸರಿಪಡಿಸಿ, ಅನಂತರವಷ್ಟೇ ರೀಸೆಟ್ ಗುಂಡಿಯನ್ನು ಒತ್ತಿರಿ.