ಇರ್ತಲೆ ಹಾವಿಗೆ ಇರುವುದು ಒಂದೇ ತಲೆ

ಒಂದು ಪ್ರಾಣಿಗೆ ನಾವು ಇಟ್ಟ ಹೆಸರು ಅದರ ಆಯುಷ್ಯವನ್ನೇ ಮೊಟಕುಗೊಳಿಸಬಲ್ಲುದೆಂದರೆ ಹಲವರಿಗೆ ಅತಿಶಯೋಕ್ತಿಯೆನಿಸೀತು. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಒಣಸೀಮೆಯಲ್ಲಿ ಬದುಕುವ ಒಂದು ಸಾಧು ಹಾವಿನ ಮಟ್ಟಿಗೆ ಈ ಮಾತು ದಿಟ. ಅದಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಒಂದು ಮಣ್ಣುಮುಕ್ಕ, ಇನ್ನೊಂದು ಇರ್ತಲೆ ಹಾವು. ‘ಇರ್’ ಎಂಬುದು ಎರಡು ಎಂಬರ್ಥದ ಹಳೆಯ ರೂಪ. ‘ಇರ್ವರ್’ ಎಂಬುದೇ ಇಂದಿನ ‘ಇಬ್ಬರು’. ಹಾಗೆಯೇ ‘ಇರ್ತಲೆ’ ಎಂದರೆ ಎರಡು ತಲೆಯುಳ್ಳದ್ದು. ಈ ಹಾವು ಮಣ್ಣನ್ನು ಮುಕ್ಕುವುದೂ ಇಲ್ಲ, ಇದಕ್ಕೆ ಎರಡು ತಲೆಗಳೂ ಇಲ್ಲ. ಮೊದಲ ತಪ್ಪಿನಿಂದ ಯಾರಿಗೂ ಕೇಡಾಗಲಿಲ್ಲ. ಎರಡನೆಯದು ಹಾವಿಗೆ ಮೃತ್ಯುವಾಯಿತು. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ; ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಇದು ಮಾತಿನಿಂದಲೇ ಹುಟ್ಟಿದ ಸಂಕಟವಾದ್ದರಿಂದ, ಭಾಷೆಯ ಅಧ್ಯಾಪಕನೊಬ್ಬ ಈ ವಿಷಯವಾಗಿ ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಆಳಂದದ ಕಡೆಯಿಂದ ಇಳಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಸೀಮೆಗೆ ಹರಿಯುತ್ತಾಳೆ. ಎರೆಹೊಲ, ಮಸಾರಿ ನೆಲ, ಹೊಳೆದಂಡೆಯ ಮರಳು, ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲು: ಇದು ಇಲ್ಲಿಯ ಪ್ರಕೃತಿ. ಇಂಥಲ್ಲಿ ನೆಲದೊಳಗೆ ಹುದುಗುವುದೇ ಬದುಕುವ ಜಾಣ್ಮೆ. ಮಣ್ಣುಮುಕ್ಕ ಹಗಲೆಲ್ಲ ಸಡಿಲ ಮಣ್ಣಿನಲ್ಲೋ ಇಲಿಯ ಬಿಲದಲ್ಲೋ ಅಡಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬರುತ್ತದೆ. ಸಾಮಾನ್ಯವಾಗಿ ಎರಡೂವರೆ ಮೂರು ಅಡಿ ಉದ್ದ, ಕೆಂಗಂದು ಬಣ್ಣ, ದುಂಡು ಮೈ. ಇದಕ್ಕೆ ವಿಷವಿಲ್ಲ. ಇಲಿಯನ್ನು ಸುತ್ತಿ ಬಿಗಿದು ಉಸಿರುಗಟ್ಟಿಸಿ ನುಂಗುತ್ತದೆ. ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ. ತೊಗರಿ ಜೋಳಗಳ ಈ ನಾಡಿನಲ್ಲಿ ಇಲಿ ಹಿಡಿಯುವವನಿಗಿಂತ ದೊಡ್ಡ ನೆಂಟ ರೈತನಿಗೆ ಯಾರಿದ್ದಾರೆ?

ಎರಡನೆಯ ತಲೆಯೆಂದು ನಾವು ತಿಳಿದದ್ದು ಅದರ ಬಾಲ. ಉಳಿದ ಹಾವುಗಳ ಬಾಲದಂತೆ ಅದು ಸಣ್ಣಗಾಗುತ್ತ ಹೋಗುವುದಿಲ್ಲ. ತಲೆಯ ಹಾಗೆಯೇ ಮೊಂಡಾಗಿರುತ್ತದೆ. ಹಗೆ ಎದುರಾದಾಗ ಹಾವು ತಲೆಯನ್ನು ಸುರುಳಿಯ ಅಡಿಯಲ್ಲಿ ಬಚ್ಚಿಟ್ಟು ಬಾಲವನ್ನು ಮೇಲೆತ್ತುತ್ತದೆ. ಪೆಟ್ಟು ಬಾಲಕ್ಕೆ ಬೀಳುತ್ತದೆ, ಪ್ರಾಣ ಉಳಿಯುತ್ತದೆ. ಹದ್ದನ್ನೋ ಮುಂಗುಸಿಯನ್ನೋ ವಂಚಿಸಲು ಒದಗಿದ ಈ ಉಪಾಯಕ್ಕೆ ನಾವೂ ಮೋಸಹೋದೆವು. ಆರು ತಿಂಗಳು ಈ ತಲೆ, ಆರು ತಿಂಗಳು ಆ ತಲೆ ಎಂದು ಕಥೆ ಕಟ್ಟಿದೆವು. ಹಾವಾಡಿಗರು ಕೆಲವರು ಬಾಲದ ತುದಿಯನ್ನು ಕೊಯ್ದು ಬಾಯಿ ಕಣ್ಣುಗಳ ಗುರುತು ಮಾಡಿ ಆ ಕಥೆಗೆ ಸಾಕ್ಷಿ ಒದಗಿಸಿದರು. ಅದು ನೆಕ್ಕಿದರೆ ಕುಷ್ಠ ಬರುವುದೆಂಬ ನಂಬಿಕೆಯೂ ನಮ್ಮ ದೇಶದ ಹಲವೆಡೆ ಇದೆ. ಕುಷ್ಠಕ್ಕೆ ಕಾರಣ ಒಂದು ಸೂಕ್ಷ್ಮಾಣುವೆಂದು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ತೋರಿಸಿಕೊಟ್ಟರು.

ಹೆದರಿ ಕೊಂದ ಕಾಲದ ಜೊತೆಗೆ ಈಗ ಆಸೆಯಿಂದ ಕೊಲ್ಲುವ ಕಾಲವೂ ಕೂಡಿಕೊಂಡಿದೆ. ಎರಡು ತಲೆಯ ಹಾವು ಮನೆಯಲ್ಲಿದ್ದರೆ ಐಶ್ವರ್ಯ, ಅದರ ಮೈಯಿಂದ ದಿವ್ಯೌಷಧ, ತೂಕ ಹೆಚ್ಚಿದಷ್ಟೂ ಲಕ್ಷ ಲಕ್ಷ ಬೆಲೆ ಎಂದು ನಂಬಿಸುವ ದಲ್ಲಾಳಿಗಳು ಹುಟ್ಟಿದ್ದಾರೆ. ಈ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಹಾವನ್ನು ಚೀಲದಲ್ಲಿ ಕಟ್ಟಿ ಊರೂರು ಅಲೆದವನಿಗೆ ಕೊನೆಗೆ ಸಿಕ್ಕುವುದು ಪೊಲೀಸರ ಕೈಯ ಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ.

ಇದಕ್ಕೊಬ್ಬ ದಾಯಾದಿಯಿದ್ದಾನೆ. ಅವನದು ಮೈಮೇಲೆ ಕಂದು ಮಚ್ಚೆಗಳಿರುವ, ಚೂಪಾದ ಗಿಡ್ಡ ಬಾಲದ ಇನ್ನೊಂದು ಜಾತಿಯ ಮಣ್ಣುಹಾವು. ಅದಕ್ಕೂ ವಿಷವಿಲ್ಲ. ಆದರೆ ಆ ಮಚ್ಚೆಗಳ ದೆಸೆಯಿಂದ ಜನ ಅದನ್ನು ಕೊಳಕುಮಂಡಲವೆಂದು ಬಗೆದು ಹೊಡೆಯುತ್ತಾರೆ. ಕೊಳಕುಮಂಡಲದ ತಲೆ ಮುಕ್ಕೋನಾಕಾರ, ಕತ್ತು ಸಣ್ಣ; ಬೆನ್ನಮೇಲೆ ಸರಪಳಿಯಂತೆ ಸಾಲಾದ ದುಂಡು ಮಚ್ಚೆಗಳು. ಮಣ್ಣುಹಾವಿಗೆ ಎದ್ದುಕಾಣುವ ಕತ್ತಿಲ್ಲ. ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕಾಗಿರುತ್ತವೆ. ಕೌತುಕದ ಸಂಗತಿಯೆಂದರೆ, ಇಂಗ್ಲಿಷಿನಲ್ಲಿ ಕೊಳಕುಮಂಡಲಕ್ಕೆ ಯಾರ ಹೆಸರಿದೆಯೋ ಆ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನೇ 1801ರಲ್ಲಿ ನಮ್ಮ ಇರ್ತಲೆಗೆ ಶಾಸ್ತ್ರೀಯ ನಾಮವಿತ್ತವನು. ತರಂಗಂಬಾಡಿಯ ಪಾದ್ರಿ ಜಾನ್ ಅವರ ಸ್ಮರಣೆ ಆ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಇಷ್ಟು ಹೇಳಿದೆನೆಂದು ಯಾರೂ ಹಾವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ಹೋಗಬಾರದು. ಗಾತ್ರದಲ್ಲಿ ಸಣ್ಣದು, ಬಣ್ಣದಲ್ಲಿ ಮಣ್ಣಿನಂಥದು ಎಂಬುದು ನಿರಪಾಯದ ಲಕ್ಷಣವಲ್ಲ. ಗರಗಸ ಮಂಡಲವೂ ಸಣ್ಣದೇ, ಮಣ್ಣಿನ ಬಣ್ಣದ್ದೇ, ಒಣನೆಲದಲ್ಲಿ ಇರುವಂಥದೇ. ಅದರ ಕಡಿತ ಪ್ರಾಣಾಂತಿಕ. ಯಾವ ಹಾವೆಂದು ತಿಳಿಯದೆ ಕಚ್ಚಿಸಿಕೊಂಡವರು ಮಂತ್ರ ಮದ್ದುಗಳಿಗೆ ಹೊತ್ತು ಕಳೆಯದೆ ಆಸ್ಪತ್ರೆ ಸೇರಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಅಲ್ಲಿ ದೊರೆಯುತ್ತದೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆಜ್ಞೆ ಹೊರಡಿಸಿದೆ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ಬಣವಿ ಕೀಳುವಾಗಲೋ ಬದು ಕಡಿಯುವಾಗಲೋ ಮೊಂಡು ಬಾಲದ ಕೆಂಗಂದು ಹಾವು ಕಂಡರೆ ಬಡಿಗೆಯನ್ನೂ ಎತ್ತಬೇಡಿ, ಚೀಲವನ್ನೂ ತರಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಅದು ತನ್ನ ಬಿಲದ ದಾರಿ ಹಿಡಿಯುತ್ತದೆ. ಮನೆಯೊಳಗೆ ಬಂದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಮಕ್ಕಳು ಅದರ ಹೆಸರು ಕೇಳಿದರೆ ಮಣ್ಣುಮುಕ್ಕ ಎನ್ನಿ. ಇರ್ತಲೆ ಎಂದು ಹೇಳಲೇಬೇಕಾದರೆ, ಎರಡನೆಯ ತಲೆ ಬರಿಯ ಬಾಲವೆಂಬುದನ್ನೂ ಕೂಡಿಸಿ ಹೇಳಿ.