ಲೈವ್ ಮುಗೀತು, ಒರಿಜಿನಲ್ ಫೈಲ್ ಎಲ್ಲಿದೆ?

ಕಲಬುರಗಿ ಶರಣಬಸವೇಶ್ವರ ಸಂಸ್ಥಾನದ ಎಂಟನೇ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪ 2025ರ ಆಗಸ್ಟ್ 14ರಂದು ಲಿಂಗೈಕ್ಯರಾದರು. ಅಂದರೆ ಅವರ ದನಿ ಇರುವ ಹೊಸ ವಿಡಿಯೋ ಇನ್ನು ಬರಲ್ಲ. ಇರುವಷ್ಟೇ ಇರಬೇಕು, ಇಲ್ಲವೇ ಕಡಿಮೆಯಾಗಬೇಕು.

ಕಡಿಮೆಯಾಗಲು ಯಾರೂ ಬೇಕಂತಲೇ ಅಳಿಸಬೇಕಿಲ್ಲ. ಫೇಸ್‌ಬುಕ್ 2025ರ ಫೆಬ್ರವರಿ 19ರಿಂದ ನಿಯಮ ಬದಲಿಸಿದೆ: ಹೊಸ ಲೈವ್ ವಿಡಿಯೋ ಉಳಿಯುವುದು 30 ದಿನ ಮಾತ್ರ, ಆಮೇಲೆ ತಾನಾಗೇ ಹೋಗುತ್ತೆ. ಹಳೆಯ ಲೈವ್‌ಗಳಿಗೂ ನೋಟಿಸ್ ಕೊಟ್ಟು, ಡೌನ್‌ಲೋಡ್ ಮಾಡಿಕೊಳ್ಳಲು 90 ದಿನ ಕೊಟ್ಟು ತೆಗೆಯುವುದಾಗಿ ಹೇಳಿತು. ಆಗಸ್ಟ್ 15ರಂದು ಯಾರಾದರೂ ಭಕ್ತರು ಅಂತಿಮ ದರ್ಶನವನ್ನು ಫೇಸ್‌ಬುಕ್‌ನಲ್ಲಷ್ಟೇ ಲೈವ್ ಮಾಡಿದ್ದರೆ, ಬೇರೆ ಕಡೆ ಉಳಿಸಿಕೊಳ್ಳದಿದ್ದರೆ, ಸೆಪ್ಟೆಂಬರ್ ಮಧ್ಯಕ್ಕೆ ಅದರ ಅವಧಿ ಮುಗಿದಿದೆ.

ಗುಡಿ, ಚರ್ಚು, ದರ್ಗಾಗಳಲ್ಲಿ ಲೈವ್ ಮಾಮೂಲಾಗಿದ್ದು ಕೋವಿಡ್ ಕಾಲದಲ್ಲಿ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ವರದಿಯಾದದ್ದು ಕಲಬುರಗಿಯಿಂದಲೇ, ಅದೂ ಹೋಳಿಯ ನಂತರ ನಡೆಯುವ ಶರಣಬಸವೇಶ್ವರ ಜಾತ್ರೆಯ ಹೊತ್ತಿನಲ್ಲಿ. ಆಗ ಮನೆಯಲ್ಲಿ ಕೂತವರಿಗೆ ತೋರಿಸುವುದೇ ದೊಡ್ಡ ಕೆಲಸವಾಗಿತ್ತು. ಉಳಿಸುವ ಮಾತು ಹಿಂದೆ ಬಿತ್ತು.

'ನಾನು ಭಕ್ತನಲ್ಲ, ನನಗೇನು?' ಅಂತ ಕೇಳಬಹುದು. ಕರ್ನಾಟಕದಲ್ಲಿ ಮಠದ ವೇದಿಕೆ ರಾಜಕೀಯ ವೇದಿಕೆಯೂ ಹೌದು. ಮಂತ್ರಿಗಳು ಬಂದು ಅನುದಾನ ಘೋಷಿಸುತ್ತಾರೆ, ಮೀಸಲಾತಿ ಬಗ್ಗೆ ಮಾತು ಕೊಡುತ್ತಾರೆ. ಎರಡು ವರ್ಷ ಬಿಟ್ಟು 'ನಾನು ಹಾಗಂದೇ ಇಲ್ಲ' ಅಂದರೆ? ನಮ್ಮ ಕೈಯಲ್ಲಿರೋದು ಯಾರೋ ಕತ್ತರಿಸಿ ಕಳಿಸಿದ 30 ಸೆಕೆಂಡಿನ ವಾಟ್ಸಾಪ್ ತುಣುಕು. ಪೂರ್ತಿ ವಿಡಿಯೋ ಇಲ್ಲದೆ ಅದನ್ನು ನಿಜ ಅಂತ ತೋರಿಸುವುದೂ ಕಷ್ಟ, ಸುಳ್ಳು ಅಂತ ತೋರಿಸುವುದೂ ಕಷ್ಟ.

ಯೂಟ್ಯೂಬ್ ಇದೆಯಲ್ಲ ಅನ್ನುವವರಿಗೆ: 12 ಗಂಟೆ ಮೀರಿದ ಲೈವ್ ಅಲ್ಲಿ ತಾನಾಗೇ ಸೇವ್ ಆಗುವ ಖಾತ್ರಿ ಇಲ್ಲ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಹಿಂದೆ ಮೈಕಿನಲ್ಲಿ ಹಾಕಿದ ಭಕ್ತಿಗೀತೆಯೂ ಅದಕ್ಕೆ ದಾರಿಯಾಗಬಹುದು. ಪಾಸ್‌ವರ್ಡ್ ಒಬ್ಬನೇ ಹುಡುಗನ ಮೊಬೈಲಿನಲ್ಲಿದ್ದು, ಅವನು ಕೆಲಸ ಹುಡುಕಿ ಪುಣೆಗೆ ಹೋದರೆ ಕತೆ ಮುಗೀತು.

ಖರ್ಚು ಎಷ್ಟು? ಲೆಕ್ಕ ಹಾಕೋಣ. ಸೆಕೆಂಡಿಗೆ 4 ಮೆಗಾಬಿಟ್ ವೇಗದ ರೆಕಾರ್ಡಿಂಗ್ ಗಂಟೆಗೆ 1.8 ಜಿಬಿ. ಶ್ರಾವಣದ 30 ದಿನ ದಿನಕ್ಕೆ ಒಂದೂವರೆ ಗಂಟೆ ಪ್ರವಚನ ಅಂದರೆ 81 ಜಿಬಿ. 1 ಟಿಬಿಯ ಒಂದು ಹಾರ್ಡ್ ಡಿಸ್ಕಿನಲ್ಲಿ 12 ಶ್ರಾವಣ ಹಿಡಿಯುತ್ತೆ.

ಮಾಡಬೇಕಾದ್ದು ಇಷ್ಟು. ಒಬಿಎಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಲೈವ್ ಜೊತೆಗೇ ರೆಕಾರ್ಡ್ ಬಟನ್ನೂ ಒತ್ತಿ. ಫೈಲ್ ಹೆಸರಿನಲ್ಲಿ ದಿನಾಂಕ, ಜಾಗ, ಮಾತಾಡಿದವರು ಇರಲಿ. ಮೂರು ಪ್ರತಿ ಇಡಿ: ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡಿ, ಹಾರ್ಡ್ ಡಿಸ್ಕೂ ಸಾಯುತ್ತೆ. ಎಲ್ಲವನ್ನೂ ಪಬ್ಲಿಕ್ ಮಾಡಬೇಕಿಲ್ಲ. ದಾಸೋಹದ ಸಾಲಿನಲ್ಲಿ ಕೂತವರ, ಮಕ್ಕಳ ಮುಖಗಳು ಇರುತ್ತವೆ. ಕಾಪಾಡಿ ಇಡುವುದು ಬೇರೆ, ಹಂಚುವುದು ಬೇರೆ.

ವಚನಗಳು ನಮಗೆ ಸಿಕ್ಕಿದ್ದು ಯಾರೋ ತಾಳೆಗರಿಯಲ್ಲಿ ಪ್ರತಿ ಮಾಡಿಟ್ಟಿದ್ದರಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಅವನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಮುಂದೆ ಸ್ವಂತ ಮುದ್ರಣಾಲಯವನ್ನೇ ಹಾಕಿದರು. ಆ ಶ್ರಮದ ಮುಂದೆ ನಮ್ಮದು ಒಂದು ಕೇಬಲ್ ಸಿಕ್ಕಿಸುವ ಕೆಲಸ.

ಈ ವಾರ ನಿಮ್ಮೂರ ಗುಡಿಯದೋ ಚರ್ಚಿನದೋ ಪೇಜ್ ನೋಡಿಕೊಳ್ಳುವವರನ್ನು ಒಮ್ಮೆ ಕೇಳಿ: ಒರಿಜಿನಲ್ ಫೈಲ್ ಎಲ್ಲಿದೆ? 'ಫೇಸ್‌ಬುಕ್‌ನಾಗ ಐತ್ರಿ' ಅಂದರೆ, ಹಾರ್ಡ್ ಡಿಸ್ಕ್ ಹಿಡಿದುಕೊಂಡು ನೀವೇ ಹೋಗಿ.