ಬಲ್ಬಿಗಿಂತ ಮೊದಲು ಬೆಳಕಿನ ದಾರಿ

ಬೈಕಿನ ಹೆಡ್‌ಲೈಟು ಮಂಕಾಯಿತು ಅನ್ನಿಸಿದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಎಷ್ಟು ವ್ಯಾಟಿನ ಬಲ್ಬು ಹಾಕಬಹುದು?’ ಉಡುಪಿ, ಪುತ್ತೂರಿನ ಗ್ಯಾರೇಜುಗಳಲ್ಲಿ ಕೇಳುವ ಈ ಮಾತು ಬಹರೈನಿನ ಸಲ್ಮಾಬಾದಿನ ಗ್ಯಾರೇಜು ಸಾಲಿಗೂ ಹೊಸದಲ್ಲ. ಅಲ್ಲಿ ಊಟದ ಪಾರ್ಸೆಲ್ ಹೊತ್ತು ಓಡಾಡುವವರಲ್ಲಿ ನಮ್ಮ ಉಪಖಂಡದಿಂದ ಹೋದವರು ಬಹಳ. ಅವರು ಓಡಿಸುವ ಬೈಕುಗಳಲ್ಲೂ ಭಾರತದಲ್ಲಿ ತಯಾರಾದವು ಧಾರಾಳ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಆ ದ್ವೀಪದಲ್ಲಿ ಊರಿಗೆ ಜೀವ ಬರುವುದೇ ಸಂಜೆಯ ಮೇಲೆ. ರಮ್ಜಾನ್ ತಿಂಗಳಲ್ಲಂತೂ ನಸುಕಿನ ಸಹರಿ ಊಟದ ಹೊತ್ತಿನವರೆಗೂ ಆರ್ಡರುಗಳು ನಿಲ್ಲುವುದಿಲ್ಲ. ಹೀಗೆ ರಾತ್ರಿಯಿಡೀ ದುಡಿಯುವವನಿಗೆ ಹೆಡ್‌ಲೈಟು ಶೋಕಿಯ ಸಾಮಾನಲ್ಲ, ರೈತನಿಗೆ ಕತ್ತಿ ಇದ್ದ ಹಾಗೆ. ಹೆಚ್ಚು ಬೆಳಕು ಬೇಕು ಎಂಬ ಅವನ ಆಸೆ ಪೂರ್ತಿ ನ್ಯಾಯವಾದದ್ದು. ಆದರೆ ಮಂಕಿಗೆ ಬಲ್ಬೇ ಕಾರಣ ಎಂಬ ತೀರ್ಮಾನ ಹೆಚ್ಚಿನ ಸಲ ತಪ್ಪು. ಬಲ್ಬಿಗೆ ಬರುವ ಕರೆಂಟಿನ ದಾರಿ, ಬಲ್ಬಿನಿಂದ ರಸ್ತೆಗೆ ಹೋಗುವ ಬೆಳಕಿನ ದಾರಿ, ಇವೆರಡನ್ನೂ ನೋಡದೆ ವ್ಯಾಟು ಏರಿಸಿದರೆ ಕೈಗೆ ಬರುವ ಬೆಳಕು ಸ್ವಲ್ಪ, ಎದುರಿನವರ ಕಣ್ಣಿಗೆ ಹೋಗುವುದು ಬಹಳ.

ಮೊದಲು ಕರೆಂಟಿನ ಲೆಕ್ಕ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು 35/35 ವ್ಯಾಟಿನ ಎಚ್‌ಎಸ್1 ಬಲ್ಬು. ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂಥ ಗಾಡಿಗಳಲ್ಲಿ 60/55 ವ್ಯಾಟಿನ ಎಚ್4. ಡಿಮ್‌ನಲ್ಲಿ ಮೊದಲನೆಯದು ಸುಮಾರು 525 ಲ್ಯೂಮೆನ್ ಕೊಟ್ಟರೆ ಎರಡನೆಯದು ಸುಮಾರು 1000 ಕೊಡುತ್ತದೆ. ಆದರೆ ಈ ಅಂಕಿಗಳು ಬಲ್ಬಿಗೆ ನಿಜವಾಗಿ 13.2 ವೋಲ್ಟ್ ಸಿಕ್ಕಾಗಿನ ಮಾತು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸಮಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ: ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಹೋಗುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟು ಕೀ ಸ್ವಿಚ್ಚು, ಹ್ಯಾಂಡಲ್ ಸ್ವಿಚ್ಚು, ಡಿಪ್ಪರು, ನಾಲ್ಕಾರು ಕನೆಕ್ಟರು, ಸಣ್ಣ ವೈರು, ಕೊನೆಗೆ ಅರ್ತಿಂಗ್ ಎಲ್ಲ ದಾಟಿ ಹೋಗಬೇಕು. ನಾಲ್ಕೂ ಕಡೆ ಸಮುದ್ರದ ಗಾಳಿ ತಿಂದ ಊರಿನ ಬೈಕಿನಲ್ಲಿ ಈ ಒಂದೊಂದು ಕೊಂಡಿಯೂ ಉಪ್ಪು ಹಿಡಿದು ಹಸಿರಾಗಿರುತ್ತದೆ. ಮಂಗಳೂರಿನ ಕಡಲ ಬದಿಯಲ್ಲಿ ಗಾಡಿ ಇಟ್ಟವರಿಗೆ ಈ ಹಸಿರು ಗೊತ್ತು. ಬಲ್ಬಿನ ಹಿಂದಿನ ಮೂರು ಕಾಲಿನ ಸಾಕೆಟ್ಟನ್ನು ಕಿತ್ತು ನೋಡಿದರೆ ಬಿಳಿ ಪ್ಲಾಸ್ಟಿಕ್ಕು ಒಂದು ಕಾಲಿನ ಸುತ್ತ ಬೆಲ್ಲದ ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿ ಬೆಳಕಾಗಬೇಕಿದ್ದ ಕರೆಂಟು ಬಿಸಿಯಾಗಿ ಸುಟ್ಟಿದೆ ಎಂದೇ ಅರ್ಥ.

ಈ ದಾರಿಯಲ್ಲಿ 1.2 ವೋಲ್ಟ್ ಸೋರಿಹೋಗುವುದು ಅಪರೂಪವೇನಲ್ಲ. ಆಗ 1000 ಲ್ಯೂಮೆನ್ ಕೊಡಬೇಕಾದ ಬಲ್ಬು ಕೊಡುವುದು ಸುಮಾರು 720. ಸವಾರ ಇದನ್ನೇ ‘ಬಲ್ಬು ಸಾಲದು’ ಎಂದುಕೊಂಡು 100/90 ವ್ಯಾಟಿನದನ್ನು ತಂದು ಸಿಕ್ಕಿಸುತ್ತಾನೆ. ಐದು ಆಂಪಿಯರ್ ಹರಿಯುತ್ತಿದ್ದ ಅದೇ ವೈರಿನಲ್ಲಿ ಈಗ ಏಳೂವರೆ ಹರಿಯಬೇಕು. ಸೋರಿಕೆ 1.2ರಿಂದ 1.8 ವೋಲ್ಟಿಗೆ ಏರುತ್ತದೆ, ಹೊಸ ಬಲ್ಬು ತನ್ನ ಶಕ್ತಿಯ ನೂರಕ್ಕೆ 60ರಷ್ಟನ್ನು ಮಾತ್ರ ಕೊಡುತ್ತದೆ, ವೈರು-ಕನೆಕ್ಟರುಗಳಲ್ಲಿ ಬಿಸಿಯಾಗಿ ಹೋಗುವುದು 6 ವ್ಯಾಟಿನಿಂದ ಹದಿಮೂರೂವರೆ ವ್ಯಾಟಿಗೆ, ಅಂದರೆ ಎರಡು ಪಟ್ಟಿಗೂ ಮೇಲೆ ಏರುತ್ತದೆ. ಸಣ್ಣ ಬೈಕಿನ ಆಲ್ಟರ್ನೇಟರಿಗೆ ಮೊಬೈಲ್ ಚಾರ್ಜರಿನ ಭಾರವೂ ಸೇರಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಬ್ಯಾಟರಿ ತುಂಬುವ ಬದಲು ಖಾಲಿಯಾಗತೊಡಗುತ್ತದೆ. ಎಚ್‌ಎಸ್1 ಇರಬೇಕಾದ ಕಡೆ ಎಚ್4 ಕೂರಿಸಲು ಅದರ ಕಿವಿಗಳನ್ನು ಅರ ಹಾಕಿ ಸವರುವ ರೂಢಿ ನಮ್ಮಲ್ಲಿ ಹಳೆಯದು. 35 ವ್ಯಾಟಿನ ಬಿಸಿಗೆಂದು ಮಾಡಿದ ಪ್ಲಾಸ್ಟಿಕ್ ಡೂಮಿನ (ಹೆಡ್‌ಲೈಟಿನ ಗೂಡಿನ) ಒಳಗಿನ ಹೊಳಪು ಆ ಶಾಖಕ್ಕೆ ಕ್ರಮೇಣ ಕಪ್ಪಿಡುತ್ತದೆ. ಅದಕ್ಕೆ ಬದಲು ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ಫ್ಯೂಸೂ ರಿಲೇಯೂ ಕೂರಿಸಿ, ಹ್ಯಾಂಡಲ್ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಕೆಲಸವಷ್ಟನ್ನೇ ಉಳಿಸಿದರೆ, ಹಳೆಯ ಬಲ್ಬೇ ಹೊಸದರಂತೆ ಉರಿಯುತ್ತದೆ. ಇದು ಅರ್ಧ ದಿನದ ಕೆಲಸ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಗೆ, ಇನ್ನೊಂದು ಸಾಕೆಟ್ಟಿಗೆ ಹಿಡಿದು, ದೀಪ ಉರಿಯುತ್ತಿರುವಾಗಲೇ ಸೋರಿಕೆ ಅಳೆಯುವುದಕ್ಕೆ ಐದು ನಿಮಿಷ ಸಾಕು. ಅಳೆಯದೆ ಬಲ್ಬು ಮಾರುವ ಅಂಗಡಿಯವನಿಗಿಂತ ಅಳೆದು ಹೇಳುವ ಮೆಕ್ಯಾನಿಕ್ಕು ದೊಡ್ಡ ಉಪಕಾರಿ.

ಇನ್ನು ಹೆಡ್‌ಲೈಟಿನ ಮುಂದಿನ ಗಾಜು. ಬಹರೈನಿನಲ್ಲಿ ಶಮಾಲ್ ಎಂಬ ಗಾಳಿ ಬೀಸಿದಾಗ ಹಾರುವ ಸಣ್ಣ ಮರಳು ಪಾಲಿಕಾರ್ಬೊನೇಟ್ ಮುಖವನ್ನು ಉಜ್ಜುತ್ತದೆ, ಬಿಸಿಲು ಅದನ್ನು ಹಳದಿ ಮಾಡುತ್ತದೆ. ಅಂಥ ಗಾಜಿನ ಹಿಂದೆ ಎಷ್ಟು ದೊಡ್ಡ ಬಲ್ಬು ಇಟ್ಟರೂ ಬೆಳಕು ಮುಂದೆ ಹೋಗದೆ ಸುತ್ತಲೂ ಚೆಲ್ಲುತ್ತದೆ. ಹೊಸ ಡೂಮೇ ಇದಕ್ಕೆ ಮದ್ದು. ಇಲ್ಲೊಂದು ಸೂಕ್ಷ್ಮವಿದೆ. ಬಹರೈನಿನಲ್ಲಿ 1967ರಿಂದ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ; ನಮ್ಮಲ್ಲಿ ಎಡಬದಿ. ಅನೇಕ ಡೂಮುಗಳ ಡಿಮ್ ಬೆಳಕು ರಸ್ತೆಯ ಅಂಚಿನ ಕಡೆಗೆ, ಅಂದರೆ ಪಾದಚಾರಿ ಇರುವ ಬದಿಗೆ, ಸ್ವಲ್ಪ ಮೇಲೆದ್ದು ದೂರ ಹೋಗುವಂತೆ ರೂಪಿಸಿದ್ದು. ಊರಿಂದ ಬರುವಾಗ ಅಗ್ಗವೆಂದು ಬ್ಯಾಗಿನಲ್ಲಿ ತಂದ ಎಡಬದಿಯ ದೇಶದ ಡೂಮು ಅಲ್ಲಿ ಆ ಎತ್ತರದ ಬೆಳಕನ್ನು ನೇರ ಎದುರು ಬರುವವರ ಮೇಲೆ ಎಸೆಯುತ್ತದೆ.

ಎದುರಿನವರ ಕಣ್ಣಿನ ವಿಷಯಕ್ಕೆ ಬಂದರೆ, ಎಚ್4 ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. (ಗಾಜಿಗೆ ಬೆರಳು ತಾಗಿಸಬಾರದು, ಬೆರಳಿನ ಎಣ್ಣೆ ಕೂತ ಕಡೆ ಗಾಜು ಕಾದು ಬಲ್ಬು ಬೇಗ ಹೋಗುತ್ತದೆ.) ಒಳಗೆ ಎರಡು ತಂತಿ ಸುರುಳಿಗಳಿವೆ, ಒಂದೊಂದೂ ಅಕ್ಕಿಕಾಳಿನಷ್ಟು. ಮುಂದಿನ ಸುರುಳಿಯ ಕೆಳಗೆ ಚಮಚದ ತುದಿಯಂಥ ಪುಟ್ಟ ಲೋಹದ ಬಟ್ಟಲಿದೆ. ಡಿಮ್ ಹಾಕಿದಾಗ ಉರಿಯುವುದು ಆ ಸುರುಳಿ. ಕೆಳಗೆ ಹೋಗುವ ಬೆಳಕನ್ನು ಬಟ್ಟಲು ತಡೆಯುತ್ತದೆ, ಮೇಲಕ್ಕೆ ಹೋದದ್ದು ಮಾತ್ರ ಡೂಮಿಗೆ ಬಡಿದು ರಸ್ತೆಗೆ ಇಳಿಯುತ್ತದೆ. ಗೋಡೆಗೆ ಬೆಳಕು ಬಿಟ್ಟಾಗ ಕಾಣುವ ಆ ಗೆರೆ, ಕೆಳಗೆ ಬೆಳಕು ಮೇಲೆ ಕತ್ತಲು, ಹುಟ್ಟುವುದು ಈ ಬಟ್ಟಲಿನ ಅಂಚಿನಿಂದ. ಸುರುಳಿ ಒಂದು ಮಿಲಿಮೀಟರ್ ಆಚೀಚೆಯಾದರೂ ಗೆರೆ ಕೆಡುತ್ತದೆ. ಎಚ್4 ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ಎಲ್‌ಇಡಿಯಲ್ಲಿ ಸುರುಳಿಯೇ ಇಲ್ಲ. ಒಂದು ಪಟ್ಟಿಯ ಎರಡು ಬದಿಗೆ ಚಿಪ್‌ಗಳನ್ನು ಅಂಟಿಸಿರುತ್ತಾರೆ. ಡೂಮು ಕಾಯುತ್ತಿದ್ದ ಜಾಗದಿಂದ ಬೆಳಕು ಬರುವುದಿಲ್ಲ, ಹಾಗಾಗಿ ಗೆರೆ ಕರಗಿ ಬೆಳಕು ಗೊಂಚಲಾಗಿ ಮೇಲೇಳುತ್ತದೆ. ಸವಾರನಿಗೆ ಮುಂದಿನ ಹತ್ತು ಮೀಟರು ಹಾಲು ಚೆಲ್ಲಿದಂತೆ ಬೆಳ್ಳಗೆ ಕಂಡು ‘ಭಾರೀ ಬೆಳಕು’ ಅನ್ನಿಸುತ್ತದೆ. ಆ ಬೆಳ್ಳಗಿನ ಜಾಗವೇ ಅವನ ಕಣ್ಣಿನ ಪಾಪೆಯನ್ನು ಕುಗ್ಗಿಸಿ ದೂರದ ಕತ್ತಲಲ್ಲಿರುವುದನ್ನು ಮರೆಮಾಡುತ್ತದೆ.

ಎಲ್‌ಇಡಿಗೆ ಕರೆಂಟು ಕಡಿಮೆ ಸಾಕು, ವೈರಿಗೆ ಭಾರವಿಲ್ಲ ಎಂಬ ವಾದ ನಿಜ. ಕಂಪನಿಯೇ ಎಲ್‌ಇಡಿಗೆಂದು ವಿನ್ಯಾಸ ಮಾಡಿದ ಹೆಡ್‌ಲೈಟುಗಳು ಹ್ಯಾಲೊಜೆನ್‌ಗಿಂತ ಎಷ್ಟೋ ಮೇಲು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರುವುದು ಒಂದಕ್ಕೆ ಮಾಡಿದ ಡೂಮಿನೊಳಗೆ ಇನ್ನೊಂದನ್ನು ತುರುಕುವುದಕ್ಕೆ. ಜರ್ಮನಿಯಲ್ಲಿ 2020ರಿಂದ ಓಸ್ರಾಮ್, ಆಮೇಲೆ ಫಿಲಿಪ್ಸ್ ಕಂಪನಿಗಳ ಕೆಲವು ಬದಲಿ ಎಲ್‌ಇಡಿಗಳಿಗೆ ರಸ್ತೆಯ ಅನುಮತಿ ಸಿಕ್ಕಿದೆ. ಆದರೆ ಸಾಕೆಟ್ಟಿಗೆ ಹೊಂದಿದ ಎಲ್ಲ ಗಾಡಿಗೂ ಅಲ್ಲ. ಯಾವ ಯಾವ ಮಾದರಿಯ ಹೆಡ್‌ಲೈಟಿನಲ್ಲಿ ಪರೀಕ್ಷೆ ಆಗಿದೆಯೋ ಅವಕ್ಕೆ ಮಾತ್ರ, ಪಟ್ಟಿ ಹಿಡಿದು. ಪೆಟ್ಟಿಗೆಯ ಮೇಲೆ ಲ್ಯೂಮೆನ್ ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲದ ಸರಕಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಅಗ್ಗದ ಎಲ್‌ಇಡಿಯ ಹಿಂದಿನ ಫ್ಯಾನು ಹೊರಗೆ ಉಳಿಯಬೇಕೆಂದು ರಬ್ಬರ್ ಮುಚ್ಚಳವನ್ನು ಕತ್ತರಿಸುತ್ತಾರೆ. ಬಹರೈನಿನ ಧೂಳು, ತೇವ ಎರಡಕ್ಕೂ ಅದು ಬಾಗಿಲು ತೆರೆದಿಟ್ಟಂತೆ. ಡೂಮಿನ ಕನ್ನಡಿಗೆ ಮಸುಕು ಹಿಡಿಯಲು ಹೆಚ್ಚು ದಿನ ಬೇಡ. ಕರ್ನಾಟಕದಲ್ಲಿ 2024ರ ಜುಲೈನಿಂದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಗೆ ಇಳಿಯಬೇಕಾಗಿ ಬಂದದ್ದು ಈ ಗೊಂಚಲು ಬೆಳಕು ಎಷ್ಟು ಹಬ್ಬಿದೆ ಎಂಬುದನ್ನೇ ತೋರಿಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ‘ನನಗೆ ಕಾಣಲಿ ಅಂತ ಅಲ್ಲ, ನಾನು ಕಾಣಲಿ ಅಂತ’ ಎನ್ನುತ್ತಾರೆ ಸವಾರರು. ಶೇಖ್ ಇಸಾ ಬಿನ್ ಸಲ್ಮಾನ್ ಹೆದ್ದಾರಿಯಲ್ಲಿ ದೊಡ್ಡ ದೊಡ್ಡ ಜೀಪುಗಳ ನಡುವೆ ಸಣ್ಣ ಬೈಕಿನಲ್ಲಿ ಹೋಗುವವನ ಈ ಭಯವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ದೀಪ ಉರಿದಿದ್ದರೆ ಬೈಕು ಕಣ್ಣಿಗೆ ಬೀಳುತ್ತದೆ, ಸರಿ. ಭಾರತದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲೂ ತಾನಾಗಿ ಉರಿಯುವಂತೆ ಮಾಡಿದ್ದು ಇದಕ್ಕೇ. ಆದರೆ ಅದು ಅದೇ ವ್ಯಾಟಿನ ದೀಪ. ಕಣ್ಣಿಗೆ ಬೀಳುವುದು ಬೇರೆ, ಕಣ್ಣು ಕುಕ್ಕುವುದು ಬೇರೆ. ಕಾರಿಗೆ ಎರಡು ದೀಪ. ಅವುಗಳ ನಡುವಿನ ಅಂತರ ಹಿಗ್ಗುವುದನ್ನು ನೋಡಿ ಎದುರಿನವನು ಅದರ ವೇಗ ಅಂದಾಜು ಮಾಡುತ್ತಾನೆ. ಬೈಕಿಗೆ ಒಂದೇ ದೀಪ. ಆ ಒಂದು ದೀಪವೂ ಸುತ್ತ ಪ್ರಭೆ ಕಟ್ಟಿಕೊಂಡ ಬಿಳಿ ಗುಡ್ಡೆಯಾದರೆ ಬೈಕಿನ ಆಕಾರವೇ ಅದರೊಳಗೆ ಮುಳುಗುತ್ತದೆ, ಪಕ್ಕದ ಇಂಡಿಕೇಟರು ಕಾಣುವುದಿಲ್ಲ, ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ಯು-ತಿರುವಿನಲ್ಲಿ ಕಾಯುತ್ತಿರುವ ಚಾಲಕ ತಪ್ಪು ಅಂದಾಜು ಮಾಡಿ ಗಾಡಿ ತಿರುಗಿಸುವುದು ಇಂಥ ಹೊತ್ತಿನಲ್ಲೇ. ಬೆನ್ನಿನ ಪೆಟ್ಟಿಗೆಗೂ ಜಾಕೆಟ್ಟಿಗೂ ಅಂಟಿಸುವ ಪ್ರತಿಫಲಕ ಪಟ್ಟಿ ಯಾರ ಕಣ್ಣನ್ನೂ ಕುಕ್ಕದೆ ಸವಾರನನ್ನು ತೋರಿಸುತ್ತದೆ, ಅದೂ ನಾಲ್ಕೂ ಕಡೆಯಿಂದ. ಬಹರೈನಿನ ಸಖೀರ್‌ನ ರೇಸ್ ಟ್ರ್ಯಾಕಿನಲ್ಲಿ 2004ರಿಂದ ಹಗಲಲ್ಲಿ ನಡೆಯುತ್ತಿದ್ದ ಫಾರ್ಮುಲಾ ಒನ್ 2014ರಲ್ಲಿ ರಾತ್ರಿಯ ಓಟವಾದಾಗ ಕಾರುಗಳ ಮೂತಿಗೆ ಯಾರೂ ದೀಪ ಕಟ್ಟಲಿಲ್ಲ. ಎತ್ತರದ ಕಂಬಗಳಿಂದ, ಚಾಲಕರ ಕಣ್ಣು ತಪ್ಪಿಸಿ, ಬೆಳಕನ್ನು ನೆಲಕ್ಕೆ ಇಳಿಸಿದರು.

ಮನಾಮ, ರಿಫಾ, ಮುಹರ್ರಕ್‌ಗಳ ಮುಖ್ಯ ರಸ್ತೆಗಳಲ್ಲಿ ಬೀದಿದೀಪಕ್ಕೆ ಕೊರತೆಯಿಲ್ಲ. ನಿಜವಾದ ಕತ್ತಲಿರುವುದು ದಕ್ಷಿಣದಲ್ಲಿ, ಚಳಿಗಾಲದ ಡೇರೆಗಳು ಏಳುವ ಸಖೀರ್ ಮರಳುಗಾಡಿನ ಒಳದಾರಿಗಳಲ್ಲಿ. ಅಂಥ ಕಡೆ ಓಡಾಡುವವರಿಗೆ ಹೆಚ್ಚು ಬೆಳಕು ಬೇಕೇಬೇಕು, ಪಡೆಯುವ ದಾರಿಯೂ ಇದೆ. ಅದೇ 60/55 ವ್ಯಾಟಿನಲ್ಲೇ, ಸುರುಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿ ದೂರದ ಬೆಳಕು ಹೆಚ್ಚಿಸಿದ ಬಲ್ಬುಗಳನ್ನು ಒಳ್ಳೆಯ ಕಂಪನಿಗಳು ಮಾರುತ್ತವೆ. ಅವುಗಳ ಮೇಲೆ ಬರೆದ ‘ನೂರಕ್ಕೆ ನೂರು ಹೆಚ್ಚು’ ಎಂಬುದು ರಸ್ತೆಯ ಕೆಲವು ಬಿಂದುಗಳ ಅಳತೆ, ಒಟ್ಟು ಬೆಳಕಿನದಲ್ಲ, ಬಾಳಿಕೆಯೂ ಕಡಿಮೆ. ಆದರೂ ಪ್ರಾಮಾಣಿಕ ಸುಧಾರಣೆ ಅದು. ನೀಲಿ ಬಣ್ಣದ ಬಲ್ಬುಗಳ ಕಥೆ ಹಾಗಲ್ಲ, ಆ ಬಣ್ಣವೇ ಬೆಳಕಿನ ಒಂದು ಪಾಲನ್ನು ನುಂಗುತ್ತದೆ. ಹೈ ಬೀಮ್ ಜೊತೆಗೆ ಮಾತ್ರ ಉರಿಯುವಂತೆ ಪ್ರತ್ಯೇಕ ರಿಲೇ ಹಾಕಿದ ಒಂದು ಜತೆ ದೀಪ, ಆ ನಾಡಿನ ಸಂಚಾರ ಇಲಾಖೆ ಒಪ್ಪುವುದಾದರೆ, ಇನ್ನೂ ಉತ್ತಮ: ಎದುರು ಗಾಡಿ ಕಂಡ ಕೂಡಲೇ ಹೆಬ್ಬೆರಳ ಒಂದೇ ಒತ್ತಿಗೆ ಎಲ್ಲವೂ ಆರುತ್ತದೆ. ಹಾಗಿದ್ದೂ ಒಂದು ಲೆಕ್ಕ ಮನಸ್ಸಿನಲ್ಲಿರಬೇಕು. ಬೆಳಕು ಎರಡು ಪಟ್ಟಾದರೆ ಕಾಣುವ ದೂರ ಎರಡು ಪಟ್ಟಾಗುವುದಿಲ್ಲ. ದೂರ ಹೋದಂತೆ ಬೆಳಕು ಚದುರುವುದರಿಂದ ಹೆಚ್ಚೆಂದರೆ 1.4 ಪಟ್ಟು. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವವನು ಕಂಡು, ಬ್ರೇಕು ಹಿಡಿದು, ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 74 ಮೀಟರ್ ಬೇಕು. 60ಕ್ಕೆ ಇಳಿಸಿದರೆ 48 ಮೀಟರ್ ಸಾಕು. ಎರಡು ಪಟ್ಟು ಬೆಳಕಿನಿಂದ ಆಗುವ ಲಾಭಕ್ಕಿಂತ ಇದು ಹೆಚ್ಚು.

ಕೊನೆಯದಾಗಿ, ಡೆಲಿವರಿ ಬೈಕುಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಲ್ಬಿನಲ್ಲೂ ಇಲ್ಲ, ವೈರಿನಲ್ಲೂ ಇಲ್ಲ, ಹಿಂದಿನ ಪೆಟ್ಟಿಗೆಯಲ್ಲಿದೆ. ಸಣ್ಣ ಬೈಕಿನ ಎರಡು ಚಕ್ರಗಳ ನಡುವೆ ಸುಮಾರು 1.3 ಮೀಟರ್ ಅಂತರ. ಹಿಂದಿನ ಚಕ್ರದ ಮೇಲೆ ಕೂತ ಪೆಟ್ಟಿಗೆ ತುಂಬಿ ಶಾಕ್ ಅಬ್ಸಾರ್ಬರ್ 3 ಸೆಂಟಿಮೀಟರ್ ಕುಸಿದರೆ ಬೈಕಿನ ಮೂತಿ ಮೇಲೇಳುತ್ತದೆ. 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಗೆರೆ 23 ಸೆಂಟಿಮೀಟರ್ ಏರುತ್ತದೆ. ಸರಿಯಾಗಿ ಹೊಂದಿಸಿದ ಡಿಮ್ ಅಲ್ಲಿ ದೀಪದ ಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಈಗ ಅದು 13 ಸೆಂಟಿಮೀಟರ್ ಮೇಲಿದೆ. ಐವತ್ತು ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಗೆರೆ ಎದುರಿನ ಕಾರಿನ ಚಾಲಕನ ತಲೆಯನ್ನೂ ದಾಟಿರುತ್ತದೆ. ಸವಾರನ ಮುಂದಿನ ರಸ್ತೆಗೆ ಬೀಳಬೇಕಾದ ಬೆಳಕು ಗಾಳಿಯಲ್ಲಿ ಹೋಗಿರುತ್ತದೆ. ಅವನು ಬಲ್ಬನ್ನು ಬೈಯುತ್ತಾನೆ, ಎದುರಿನವನು ಅವನನ್ನು ಬೈಯುತ್ತಾನೆ. ಗ್ಯಾರೇಜಿನಲ್ಲಿ ಖಾಲಿ ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹೆಡ್‌ಲೈಟು ಹೊಂದಿಸಿದರೆ ಈ ತೊಂದರೆ ತಪ್ಪುವುದಿಲ್ಲ. ಬೈಕು ಯಾರ ಹೆಸರಿನಲ್ಲೇ ಇರಲಿ, ಅದರಿಂದ ದುಡಿಸಿಕೊಳ್ಳುವವರು ಸರಿಯಾಗಿ ಹೊಂದಿಸುವ ಕೆಲಸವನ್ನು ಸವಾರನ ತಲೆಗೆ ಕಟ್ಟದೆ ತಾವೇ ಮಾಡಿಸಬೇಕು. ಪೆಟ್ಟಿಗೆ ತುಂಬಿಸಿ, ಸವಾರನನ್ನು ಸೀಟಿನ ಮೇಲೆ ಕೂರಿಸಿ, ಟಯರಿನ ಗಾಳಿ ನೋಡಿ, ಸಮತಟ್ಟಾದ ಜಾಗದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಬೇಕು. ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಬಳೆಯೊಂದಿರುತ್ತದೆ. ಕೊಕ್ಕೆಯಂಥ ಸ್ಪ್ಯಾನರಿನಿಂದ ಅದನ್ನು ಎರಡು ಮೆಟ್ಟಿಲು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಹಿಂಭಾಗ ಎದ್ದು ನಿಲ್ಲುತ್ತದೆ. ಉಳಿದದ್ದನ್ನು ಡೂಮಿನ ಸ್ಕ್ರೂ ತಿರುಗಿಸಿ, ಗೋಡೆಯ ಮೇಲಿನ ಗೆರೆ ಗುರುತಿಗೆ ಬರುವವರೆಗೆ ಇಳಿಸಬೇಕು.